ಕೋಡಿಬಾಗದ ಕವಚ ಕಿತ್ತಳೆ ಬಣ್ಣದ್ದು

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆಗಿನ ಸಂಘರ್ಷ ಕಾವೇರಿದಾಗ, ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಸುವಂತೆ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದಲ್ಲಿ ಬೆಂಗಳೂರು, ರಾಯಚೂರಿನ ಜೊತೆ ಕಾರವಾರದ ಹೆಸರೂ ಕೇಳಿಬಂತು. ಅದರಲ್ಲಿ ಅಚ್ಚರಿಯೇನೂ ಇಲ್ಲ. ಊರಿನ ತೆಂಕಣ ಮಗ್ಗುಲಲ್ಲಿ ಸೀಬರ್ಡ್ ನೌಕಾನೆಲೆ ಇದೆ, ಕಾಳಿ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ ಸಿಗುತ್ತದೆ. ಇಂಥ ದಿನಗಳಲ್ಲಿ ಮನೆಯಲ್ಲಿ ಏನೇನು ಎತ್ತಿಟ್ಟುಕೊಳ್ಳಬೇಕು ಎಂಬ ಪಟ್ಟಿಗಳು ಎಲ್ಲೆಡೆ ಓಡಾಡುತ್ತವೆ. ಟಾರ್ಚು, ಅವಲಕ್ಕಿ, ಮಾತ್ರೆ, ಕಾಗದಪತ್ರದ ಚೀಲ ಎಂದು ಶುರುವಾದದ್ದು ಬೆಳೆಯುತ್ತ ಹೋಗಿ ಬುಲೆಟ್‌ಪ್ರೂಫ್ ಜಾಕೆಟ್‌ಗೆ ಬಂದು ನಿಲ್ಲುತ್ತದೆ. ಅಮೆರಿಕದಲ್ಲಿ ಮನೆ ಕಾಯಲೆಂದೇ ಅದನ್ನು ಕೊಳ್ಳುವವರ ದೊಡ್ಡ ಮಾರುಕಟ್ಟೆಯಿದೆ. ಅಲ್ಲಿನ ಭಯ ಇಲ್ಲಿಗೆ ಬಂದು ಮುಟ್ಟಲು ಈಗ ಹಡಗು ಬೇಕಿಲ್ಲ.

ಭಯವನ್ನು ಗೇಲಿ ಮಾಡುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ. ಕವಚದ ಕಸುಬಿನವರು ಮೊದಲು ಕೇಳುವ ಪ್ರಶ್ನೆಯನ್ನೇ ನಾವೂ ಕೇಳೋಣ: ನಿಮ್ಮ ಮೇಲೆ ಬೀಳುವುದು ಏನು? ಅದು ಗೊತ್ತಾಗದೆ ಯಾರೂ ಕವಚ ಆರಿಸಲಾರರು. ಭಾರತೀಯ ಮಾನಕ ಐಎಸ್ 17051 2018ರಲ್ಲಿ ಬಂತು. ಅದು ಗುಂಡಿನ ಬಲಕ್ಕೆ ತಕ್ಕಂತೆ ಜಾಕೆಟ್‌ಗಳನ್ನು ಆರು ಹಂತಗಳಲ್ಲಿ ವಿಂಗಡಿಸುತ್ತದೆ. ಆರನೆಯ ಹಂತದ, ರೈಫಲ್ಲಿನ ಅತಿ ಬಿರುಸಿನ ಗುಂಡು ತಡೆಯುವ ಹಗುರ ಜಾಕೆಟ್ ಒಂದನ್ನು ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ 2024ರಲ್ಲಿ ತಯಾರಿಸಿತು. ನಾರಿನ ಪದರಗಳ ಮೆತ್ತನೆಯ ಜಾಕೆಟ್ ಪಿಸ್ತೂಲಿನ ಗುಂಡು ತಡೆದೀತು, ರೈಫಲ್ಲಿಗೆ ಸಾಲದು. ರೈಫಲ್ಲಿಗೆ ಗಟ್ಟಿ ತಟ್ಟೆ ಬೇಕು, ತಟ್ಟೆ ಬಂದರೆ ಭಾರವೂ ಬಂತು. ಆನ್‌ಲೈನಿನಲ್ಲಿ ಟ್ಯಾಕ್ಟಿಕಲ್ ವೆಸ್ಟ್ ಎಂದು ಅಗ್ಗಕ್ಕೆ ಸಿಗುವ ಎಷ್ಟೋ ಅಂಗಿಗಳಲ್ಲಿ ಈ ತಟ್ಟೆಯೇ ಇರುವುದಿಲ್ಲ, ಇರುವುದು ಜೇಬು ಮಾತ್ರ. ಕೊಳ್ಳುವವರು ಗಮನಿಸದ ಇನ್ನೊಂದು ಸಂಗತಿಯಿದೆ. ಗುಂಡು ತಡೆಯುವ ಮೆತ್ತನೆಯ ಜಾಕೆಟ್ ಚೂರಿಯ ತಿವಿತವನ್ನೂ ತಡೆಯುತ್ತದೆಂಬ ಖಾತ್ರಿ ಇಲ್ಲ. ಅದಕ್ಕೆ ಬೇರೆಯೇ ನೇಯ್ಗೆ, ಬೇರೆಯೇ ಪರೀಕ್ಷೆ. ನಮ್ಮ ಕಡೆ ಮನೆ ಹೊಕ್ಕು ಹೊಡೆಯುವವನ ಕೈಯಲ್ಲಿ ಹೆಚ್ಚಾಗಿ ಇರುವುದು ಕತ್ತಿ, ಮಚ್ಚು, ದೊಣ್ಣೆ.

ಹಾಗೆಂದು ಇಲ್ಲಿ ಗುಂಡು ಹಾರಿಯೇ ಇಲ್ಲ ಎನ್ನುವಂತಿಲ್ಲ. ಕಾರವಾರದ ಶಾಸಕರಾಗಿದ್ದ ವಸಂತ ಅಸ್ನೋಟಿಕರ್ 2000ದಲ್ಲಿ ಗುಂಡಿಗೆ ಬಲಿಯಾದರು. ಹಫ್ತಾ ಬೇಡಿಕೆಗೆ ಮಣಿಯದ ಅಂಕೋಲಾದ ಉದ್ಯಮಿ ಆರ್.ಎನ್. ನಾಯಕ್ ಅವರನ್ನು 2013ರ ಡಿಸೆಂಬರಿನಲ್ಲಿ ಕೊಂದರು. ಆ ಪ್ರಕರಣದಲ್ಲಿ ಭೂಗತ ಪಾತಕಿ ಬನ್ನಂಜೆ ರಾಜಾಗೆ ಬೆಳಗಾವಿಯ ವಿಶೇಷ ನ್ಯಾಯಾಲಯ 2022ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ನಾಯಕ್ ಅವರ ಜೊತೆ ಬಂದೂಕುಧಾರಿ ಅಂಗರಕ್ಷಕ ಇದ್ದ, ಆತ ಹಂತಕರಲ್ಲಿ ಒಬ್ಬನನ್ನು ಹೊಡೆದುರುಳಿಸಿದ. ಆದರೂ ಧಣಿ ಉಳಿಯಲಿಲ್ಲ. ಇವೆರಡೂ ಇಂಥವರನ್ನೇ ಎಂದು ಗುರುತಿಟ್ಟು, ಮನೆಯ ಹೊರಗೆ ನಡೆಸಿದ ಕೊಲೆಗಳು. ಕಾರವಾರದ ಕೋಡಿಬಾಗದ ಸಾಮಾನ್ಯ ಮನೆಯೊಂದರ ಕಪಾಟಿನಲ್ಲಿರುವ ಜಾಕೆಟ್‌ಗೆ ಇವುಗಳ ಉತ್ತರವಾಗುವ ಶಕ್ತಿಯಿಲ್ಲ.

ಕಪಾಟು ಎಂದಾಗ ನೆನಪಾಯಿತು. ಝೈಲಾನ್ ಎಂಬ ನಾರಿನಿಂದ ಮಾಡಿದ ಜಾಕೆಟ್‌ಗಳನ್ನು ಅಮೆರಿಕದ ಪೊಲೀಸರು ಒಂದು ಕಾಲಕ್ಕೆ ಬಹಳ ನೆಚ್ಚಿಕೊಂಡಿದ್ದರು, ಹಗುರ, ತೆಳು. 2003ರಲ್ಲಿ ಪೆನ್ಸಿಲ್ವೇನಿಯಾದ ಅಧಿಕಾರಿಯೊಬ್ಬರ ಜಾಕೆಟ್ಟನ್ನು, ಅದು ತಡೆಯಬೇಕಿದ್ದ ಗುಂಡೇ ತೂರಿಕೊಂಡು ಹೋಯಿತು. ತನಿಖೆಯಲ್ಲಿ ತಿಳಿದದ್ದು, ಸೆಕೆ ಮತ್ತು ತೇವಕ್ಕೆ ಆ ನಾರು ಸೊರಗುತ್ತದೆ ಎಂದು. 2005ರಲ್ಲಿ, ಕವಚಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಸಂಸ್ಥೆ ಅದರ ಮಾನ್ಯತೆಯನ್ನೇ ಹಿಂಪಡೆಯಿತು. ಈಗಿನ ನಾರುಗಳು ಅಷ್ಟು ದುರ್ಬಲವಲ್ಲ, ಆದರೂ ಮೆತ್ತನೆಯ ಜಾಕೆಟ್‌ಗಳಿಗೆ ತಯಾರಕರು ಕೊಡುವ ಭರವಸೆ ಸಾಮಾನ್ಯವಾಗಿ ಐದು ವರ್ಷದ್ದು. ಆಷಾಢದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಇಲ್ಲಿ ಮೈಮೇಲೆ ಬೀಳುವುದು ಏನು? ನೀರು.

ಕೋಡಿಬಾಗ ಎಂದರೆ ಕಾಳಿ ಕಡಲು ಸೇರುವ ಜಾಗ. ಹೊಳೆಯ ಹರಿವು ಒಂದು ಕಡೆಯಿಂದ, ಭರತದ ನೀರು ಇನ್ನೊಂದು ಕಡೆಯಿಂದ. ಅಳಿವೆಯ ಮರಳದಿಬ್ಬದ ಮೇಲೆ ಅಲೆ ಒಡೆಯುವುದು ಅಲ್ಲೇ. ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಮಳೆಗಾಲದಲ್ಲಿ ಕದ್ರಾದ ಗೇಟು ತೆಗೆದರೆ 2019ರಲ್ಲೂ 2021ರಲ್ಲೂ ಆದಂತೆ ಹೊಳೆದಂಡೆಯ ಊರುಗಳು ಮುಳುಗುತ್ತವೆ. ಎದುರಿಗೆ ಕಡಲಿನಲ್ಲಿ ಕೂರ್ಮಗಡ. ಪುಷ್ಯ ಹುಣ್ಣಿಮೆಗೆ ಅಲ್ಲಿನ ನರಸಿಂಹ ದೇವರ ಜಾತ್ರೆ, ಭಕ್ತರು ಬಾಳೆಗೊನೆ ಹೊತ್ತು ದೋಣಿ ಹತ್ತುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು, ಬಹಳಷ್ಟು ಮಂದಿಯ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸತ್ತವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದ ಹಲವರಿದ್ದರು, ಕಡಲಿನ ಪರಿಚಯವೇ ಇಲ್ಲದ ಬಯಲುಸೀಮೆಯ ಜನ. ಹತ್ತಿರದಲ್ಲೇ ಯುದ್ಧನೌಕೆಗಳ ನೆಲೆ, ಕರಾವಳಿ ಕಾವಲು ಪಡೆ ಎಲ್ಲ ಇದ್ದ ಕಡಲಿನಲ್ಲಿ ಇದು ನಡೆಯಿತು.

ದೋಣಿಗೆ ಎಷ್ಟು ಜನ ಹತ್ತಬೇಕು, ಜಾಕೆಟ್ ಎಷ್ಟಿರಬೇಕು ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಅಂದರೆ ಕೂರ್ಮಗಡದ ದುರಂತಕ್ಕೆ ನಿಯಮದ ಕೊರತೆ ಕಾರಣವಲ್ಲ. ಆಮೇಲೆ ಒಳನಾಡು ನೌಕೆಗಳ ಹೊಸ ಕಾಯ್ದೆ 2021ರಲ್ಲಿ ಬಂತು. ಅದರ ನಂತರವೂ 2023ರ ಮೇನಲ್ಲಿ ಕೇರಳದ ತಾನೂರಿನಲ್ಲಿ 22 ಮಂದಿ, 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತರು. ಕಥೆ ಎಲ್ಲ ಕಡೆ ಒಂದೇ: ದೋಣಿ ತುಂಬಿ ತುಳುಕುತ್ತದೆ, ಜಾಕೆಟ್ ಇರುವುದಿಲ್ಲ, ಇದ್ದರೂ ಎಲ್ಲೋ ಕಟ್ಟಿಟ್ಟಿರುತ್ತದೆ.

ಗುಂಡಿನ ಜಾಕೆಟ್ ಆರಿಸುವಾಗ ತೋರಿಸುವ ಶ್ರದ್ಧೆಯ ಅರ್ಧದಷ್ಟನ್ನು ಈ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗೆ ತೋರಿಸಿದರೂ ಸಾಕು. ಒಂದನ್ನು ಕೈಗೆತ್ತಿಕೊಂಡು ನೋಡಿ. ಎದೆಯ ಭಾಗದ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ತಗ್ಗು ಹಾಗೇ ಉಳಿದರೆ ಅದರ ಆಯುಷ್ಯ ಮುಗಿದಿದೆ. ಬಿಸಿಲಿಗೆ ಬಣ್ಣ ಮಾಸಿ ಹಳದಿಗೆ ತಿರುಗಿದ್ದರೆ ಬಟ್ಟೆಯೂ ಹೊಲಿಗೆಯೂ ಕುಂಬಾಗಿವೆ ಎಂದರ್ಥ. ಪಟ್ಟಿ ಎಳೆದು ನೋಡಬೇಕು, ಬಕಲ್ ಹಾಕಿ ತೆಗೆಯಬೇಕು. ಸೀಟಿ ಇದೆಯೇ, ಕತ್ತಲಲ್ಲಿ ಹೊಳೆಯುವ ಪಟ್ಟಿ ಇದೆಯೇ? ಒಳಗಿನ ಚೀಟಿಯಲ್ಲಿ ನ್ಯೂಟನ್ ಲೆಕ್ಕದಲ್ಲಿ ತೇಲುವ ಬಲ ಬರೆದಿರುತ್ತದೆ. 50 ಎಂದಿದ್ದರೆ ಅದು ಈಜು ಬಲ್ಲವನಿಗೆ, ದಡದ ಹತ್ತಿರಕ್ಕೆ ಒಂದು ಆಸರೆ ಮಾತ್ರ. ಹಿನ್ನೀರಿನಂಥ ಶಾಂತ ನೀರಿಗೆ 100, ತೆರೆದ ಕಡಲಿಗೆ 150. ಹಡಗಿನ ಜಾಕೆಟ್‌ಗೆ ಇರುವ ಅಂತರರಾಷ್ಟ್ರೀಯ ನಿಯಮ ಇನ್ನೂ ಕಟ್ಟುನಿಟ್ಟು: ಪ್ರಜ್ಞೆ ತಪ್ಪಿ ಮುಖ ಅಡಿಯಾಗಿ ಬಿದ್ದವನನ್ನೂ ಅದು ತಾನಾಗಿ ಮಗುಚಿ, ಬಾಯಿಯನ್ನು ನೀರಿನಿಂದ 120 ಮಿಲಿಮೀಟರ್ ಮೇಲೆ ಹಿಡಿಯಬೇಕು. ತಲೆಯ ಹಿಂದೆ ದಿಂಬಿನಂಥ ಕಾಲರ್ ಇರುವುದು ಇದಕ್ಕೇ. ಜಲಕ್ರೀಡೆಗೆ ಕೊಡುವ ತೆಳು ಅಂಗಿಗೂ ಇದಕ್ಕೂ ಬಣ್ಣ ಒಂದೇ, ಕೆಲಸ ಬೇರೆ.

ಮಕ್ಕಳ ವಿಷಯದಲ್ಲಿ ನಾವು ತೀರ ಅಸಡ್ಡೆ. ಹಡಗಿನ ನಿಯಮದಲ್ಲಿ 15 ಕಿಲೊಗಿಂತ ಕಡಿಮೆ ತೂಕದ ಕೂಸಿಗೆ ಒಂದು ಅಳತೆ, 43 ಕಿಲೊವರೆಗಿನ ಮಗುವಿಗೆ ಇನ್ನೊಂದು. ನಮ್ಮ ಧಕ್ಕೆಗಳಲ್ಲಿ ದೊಡ್ಡವರದ್ದನ್ನೇ ಮಗುವಿಗೂ ತೊಡಿಸಿ ಪಟ್ಟಿ ಬಿಗಿದು ಕೂರಿಸುತ್ತಾರೆ. ಎರಡೂ ಹೆಗಲಿನ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎತ್ತಿದರೆ ಸಾಕು, ಅದು ಕಿವಿ ದಾಟಿ ಬಂದುಬಿಡುತ್ತದೆ. ನೀರು ಮಾಡುವುದೂ ಅದನ್ನೇ, ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಸೀರೆಯ ತೊಡಕು ಬೇರೆ. ತೊಡೆಸಂದಿಯಿಂದ ಬರುವ ಪಟ್ಟಿ ಪ್ಯಾಂಟಿನವರಿಗೆ ಮಾಡಿದ್ದು. ಜಾತ್ರೆಗೆ ಬರುವ ಹೆಂಗಸರು ಸೆರಗಿನ ಮೇಲೆ ಜಾಕೆಟ್ ಹಾಕಿಕೊಂಡು, ನಾಚಿಕೆಗೋ ಅವಸರಕ್ಕೋ ಕೆಳಗಿನ ಪಟ್ಟಿ ಬಿಟ್ಟುಬಿಡುತ್ತಾರೆ. ಸೊಂಟಕ್ಕೆ ಅಡ್ಡ ಬಿಗಿಯುವ ಅಗಲ ಪಟ್ಟಿಯ ಮಾದರಿಗಳು ಇವೆ. ಜಾತ್ರೆಗೆಂದು ಕೊಳ್ಳುವಾಗ ಅದನ್ನು ಕೇಳುವವರು ಬೇಕು.

ಮೀನುಗಾರರನ್ನು ಕೇಳಿದರೆ ಉತ್ತರ ಬೇರೆ ಬರುತ್ತದೆ. ದಪ್ಪ ಜಾಕೆಟ್ ಹಾಕಿಕೊಂಡು ಬಲೆ ಎಳೆಯಲು ಆಗುವುದಿಲ್ಲ, ಪಟ್ಟಿಗೆ ಬಲೆ ಸಿಕ್ಕಿದರೆ ಬಲೆಯ ಜೊತೆ ತಾನೂ ಹೋಗಬೇಕು, ಸೆಕೆಗೆ ಮೈ ಬೇಯುತ್ತದೆ. ಇದು ಸೋಮಾರಿಗಳ ನೆಪವಲ್ಲ. ಪೊಲೀಸರ ಕವಚದ ಇತಿಹಾಸವೂ ಇದನ್ನೇ ಹೇಳುತ್ತದೆ: ರೈಫಲ್ ಗುಂಡು ತಡೆಯುವುದಿಲ್ಲ ಎಂದು ಗೊತ್ತಿದ್ದರೂ ಹೆಚ್ಚಿನ ಪೊಲೀಸರು ಮೆತ್ತನೆಯ ಜಾಕೆಟ್ ಆರಿಸಿದ್ದು ಅದನ್ನು ಇಡೀ ಪಾಳಿ ತೊಟ್ಟಿರಬಹುದು ಎಂಬ ಕಾರಣಕ್ಕೆ. ಮೀನುಗಾರರಿಗೂ ಅಂಥದ್ದಿದೆ. ಗಾಳಿ ತುಂಬದೆ ಸೊಂಟಪಟ್ಟಿಯಂತೆ, ತೆಳು ಅಂಗಿಯಂತೆ ಇರುವ ಜಾಕೆಟ್. ಪುಟ್ಟ ಅನಿಲದ ಸಿಲಿಂಡರಿನ ದಾರ ಎಳೆದರೆ, ಕೆಲವುಗಳಲ್ಲಿ ನೀರು ತಗಲಿದರೇ ಸಾಕು, ಉಬ್ಬಿಕೊಳ್ಳುತ್ತದೆ. ಬೆಲೆ ದುಬಾರಿ, ಸಿಲಿಂಡರ್ ಒಮ್ಮೆ ಬಳಸಿದರೆ ಬದಲಿಸಬೇಕು, ಉಪ್ಪುನೀರಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು. ಅಧಿಕಾರಿಗಳು ಫೋಟೊ ತೆಗೆಸಿಕೊಂಡು ಹಂಚುವ ದಪ್ಪ ಫೋಮಿನ ಜಾಕೆಟ್‌ಗಳು ದೋಣಿಯ ಮೂಲೆ ಸೇರುವುದಕ್ಕಿಂತ, ಕಡಿಮೆ ಸಂಖ್ಯೆಯಲ್ಲಾದರೂ ಇಂಥವನ್ನು ಕೊಟ್ಟರೆ ತೊಡುವವರಿದ್ದಾರೆ. ‘ನಮಗೆ ಈಜು ಬರುತ್ತದೆ’ ಎಂಬ ಬಿಗುಮಾನ ಮಾತ್ರ ನನಗೆ ಒಪ್ಪಿಗೆಯಾಗದು. ದೋಣಿಯ ಅಂಚು ತಲೆಗೆ ಬಡಿದವನಿಗೆ ಈಜು ನೆನಪಿರುವುದಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದುಬಿತ್ತು. ನಾಲ್ಕು ದಶಕ ಕಂಡ ಸೇತುವೆ. ಗೋವಾದ ಕಡೆಯಿಂದ ಬರುತ್ತಿದ್ದ ಲಾರಿ ಹೊಳೆಗೆ ಬಿತ್ತು. ಕ್ಯಾಬಿನ್ ಮೇಲೇರಿದ್ದ ತಮಿಳುನಾಡಿನ ಚಾಲಕನನ್ನು ಪೊಲೀಸರು ಮತ್ತು ಸ್ಥಳೀಯ ಮೀನುಗಾರರು ದೋಣಿಯಲ್ಲಿ ಹೋಗಿ ಕರೆತಂದರು. ಇಂಥ ಹೊತ್ತಿನಲ್ಲಿ ಮೊದಲು ನೀರಿಗಿಳಿಯುವವರು ದಂಡೆಯ ಜನ. ಕತ್ತಲಲ್ಲಿ, ಮುರಿದ ಕಾಂಕ್ರೀಟಿನ ಪಕ್ಕ, ಮಳೆಗಾಲದ ಹೊಳೆಗೆ ಇಳಿಯುವ ಅವರ ಮೈಮೇಲೆ ಏನಿದೆ ಎಂಬುದೇ ಈ ಊರಿನ ನಿಜವಾದ ಗೃಹರಕ್ಷಣೆಯ ಪ್ರಶ್ನೆ.

ಆದರೆ ತೊಡುವ ಕವಚಕ್ಕೆ ಮಿತಿಯಿದೆ, ಆ ಮಿತಿ ಎಲ್ಲಿದೆ ಎಂಬುದನ್ನು ಅದೇ ಮಳೆಗಾಲ ತೋರಿಸಿತ್ತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿ ಅಗಲಿಸಲು ಕಡಿದಾಗಿ ಕತ್ತರಿಸಿದ್ದ ಗುಡ್ಡ ಜರಿದು ಬಿತ್ತು. ಬುಡದಲ್ಲಿದ್ದ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ವಾಹನಗಳು ಎಲ್ಲವೂ ಹೋದವು. ಗುಡ್ಡದ ಮಣ್ಣು ಗಂಗಾವಳಿಗೆ ಅಪ್ಪಳಿಸಿದ ರಭಸಕ್ಕೆ ಹೊಳೆಯ ನೀರೇ ಎದ್ದು ಆಚೆ ದಂಡೆಯ ಉಳುವರೆಯ ಮನೆಗಳ ಮೇಲೆ ಬಿತ್ತು; ಅಲ್ಲೂ ಜೀವ ಹೋಯಿತು. ಕೇರಳದ ಲಾರಿ ಚಾಲಕನ ದೇಹ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿ ಯಾವ ಜಾಕೆಟ್ ತೊಟ್ಟಿದ್ದರೆ ಯಾರು ಉಳಿಯುತ್ತಿದ್ದರು? ಮನೆಯ ಸಿದ್ಧತೆ ಎಂಬ ಮಾತಿನ ಅಪಾಯ ಇಲ್ಲಿದೆ. ಗುಡ್ಡ ಕತ್ತರಿಸಿದವರು, ಅದಕ್ಕೆ ಅನುಮತಿ ಕೊಟ್ಟವರು, ಮಳೆ ಜೋರಾದಾಗ ರಸ್ತೆ ಮುಚ್ಚದವರು ಮಾಡಬೇಕಾದ ಕೆಲಸವನ್ನು ನಾವೇ ಪಟ್ಟಿ ಮಾಡಿಕೊಂಡು ಚೀಲಕ್ಕೆ ತುಂಬಲು ಹೊರಡುತ್ತೇವೆ. ಕೈಗಾಕ್ಕೂ ಇದೇ ಮಾತು. ಅಣು ತುರ್ತುಸ್ಥಿತಿಯಲ್ಲಿ ಅಯೋಡಿನ್ ಮಾತ್ರೆ ಯಾವಾಗ ನುಂಗಬೇಕು ಎಂದು ಹೇಳುವುದು ಜಿಲ್ಲಾಡಳಿತದ ಹೊಣೆ, ಮನೆಯವರ ಊಹೆಯಲ್ಲ.

ಆದ್ದರಿಂದ ಹಂಚಿಕೆ ಸ್ಪಷ್ಟವಾಗಬೇಕು. ಗುಡ್ಡ, ಸೇತುವೆ, ಅಣೆಕಟ್ಟಿನ ಗೇಟು ಸರಕಾರದವು. ದೋಣಿ ಹತ್ತುವ ಹೊತ್ತಿನ ಒಂದು ಜಾಕೆಟ್ ನಮ್ಮದು, ಅದೂ ಪೂರ್ತಿ ನಮ್ಮದಲ್ಲ. ಕೂರ್ಮಗಡದ ಜಾತ್ರೆಗೆ ದುರಂತದ ನಂತರ ಜಾಕೆಟ್ ಕಡ್ಡಾಯ ಎಂದರು, ಪೊಲೀಸರು ನಿಂತು ತೊಡಿಸಿದರು, ಒಳ್ಳೆಯದಾಯಿತು. ಆದರೆ ವರ್ಷದ ಒಂದು ದಿನದ ಶಿಸ್ತು ಉಳಿದ ದಿನಗಳಲ್ಲಿ ದೇವಬಾಗದ ಕಡಲತೀರಕ್ಕೆ ಹೋಗುವ ದೋಣಿಗೆ, ಹೊಳೆಯಲ್ಲಿ ಬೆಳಚು ಹೆಕ್ಕಲು ಪಾತಿ ದೋಣಿಯಲ್ಲಿ ಹೋಗುವವರಿಗೆ ಹರಿದು ಬರಲಿಲ್ಲ. ಮೀನುಗಾರರ ಡೀಸೆಲ್‌ಗೆ ತೆರಿಗೆ ಬಿಟ್ಟುಕೊಡುವ ಸರಕಾರ ಉಬ್ಬುವ ಜಾಕೆಟ್‌ಗಳಿಗೂ, ಅವುಗಳ ಸಿಲಿಂಡರಿಗೂ ಅದೇ ಲೆಕ್ಕದಲ್ಲಿ ಸಹಾಯಧನ ಕೊಡಬಹುದು. ಪರವಾನಗಿ ನವೀಕರಿಸುವ ದಿನ ದೋಣಿಯ ಎಂಜಿನ್ ನೋಡುವಂತೆ ಜಾಕೆಟ್ಟಿನ ಫೋಮನ್ನೂ ಒತ್ತಿ ನೋಡಬಹುದು. ಬಂದರು ಇಲಾಖೆ ಮುಂದಿನ ಪುಷ್ಯ ಹುಣ್ಣಿಮೆಗೆ ಮೊದಲು ಒಂದು ಲೆಕ್ಕವನ್ನಂತೂ ಊರಿಗೆ ಹೇಳಲಿ: ಜಾತ್ರೆಯ ದೋಣಿಗಳಲ್ಲಿ ಮಕ್ಕಳ ಅಳತೆಯ ಜಾಕೆಟ್ ಎಷ್ಟಿವೆ, ಅವುಗಳಲ್ಲಿ ಎಷ್ಟನ್ನು ನೀರಿಗೆ ಹಾಕಿ ನೋಡಲಾಗಿದೆ.