ಅರಿತವನ ಹೊಣೆ

ಆಳಂದ, ಅಫಜಲಪುರ, ಜೇವರ್ಗಿ – ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ನೆಲ ಹಲವು ಅರಸುಮನೆತನಗಳ ಆಳ್ವಿಕೆಯನ್ನು ಕಂಡಿದೆ. ೧೩೪೭ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿಯೇ ಅದರ ರಾಜಧಾನಿಯಾಯಿತು. ೧೯೪೮ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಜಾಮರ ‘ಹಾಲಿ ಸಿಕ್ಕಾ’ ನಾಣ್ಯಗಳು ಇಲ್ಲಿ ಚಲಾವಣೆಯಲ್ಲಿದ್ದವು. ಆದುದರಿಂದ ಇಲ್ಲಿಯ ಹಳೆಯ ಮನೆಯೊಂದರ ದೇವರ ಜಗಲಿಯ ಮೇಲೆ ಚಾರ್‌ಮಿನಾರಿನ ಚಿತ್ರವುಳ್ಳ ಬೆಳ್ಳಿಯ ರೂಪಾಯಿಯೋ, ಮನೆಯವರಾರೂ ಓದಲಾರದ ಲಿಪಿಯ ತಾಮ್ರದ ನಾಣ್ಯವೋ ಇದ್ದರೆ ಅದು ಸೋಜಿಗವಲ್ಲ.

ಇಂಥ ಮನೆಯೊಂದರ ಬಾಗಿಲಿಗೆ ಹಳೆಯ ನಾಣ್ಯಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಬಂದನೆಂದು ಭಾವಿಸಬಹುದು. ಮನೆಯಲ್ಲಿರುವವಳು ಓದುಬರಹವಿಲ್ಲದ ಮುದುಕಿ, ಆ ವರ್ಷ ಮಳೆ ಕೈಕೊಟ್ಟಿದೆ, ತೊಗರಿ ಒಣಗಿದೆ. ಅವಳು ಸೆರಗಿನಲ್ಲಿ ನಾಣ್ಯಗಳನ್ನು ತಂದು ಅವನ ಮುಂದೆ ಸುರಿಯುತ್ತಾಳೆ. “ಎಷ್ಟು ಕೊಡಲಿ ಅವ್ವಾ?” ಎಂದು ಅವನು ಕೇಳುತ್ತಾನೆ. “ನನಗೇನು ತಿಳಿಯುತ್ತದಪ್ಪಾ, ನೀನೇ ನೋಡಿ ಕೊಡು” ಎನ್ನುತ್ತಾಳೆ ಅವಳು. ಅವುಗಳಲ್ಲೊಂದು ಬಲು ಅಪರೂಪದ್ದೆಂದು ವ್ಯಾಪಾರಿಯು ಕಂಡುಕೊಂಡಿದ್ದಾನೆ. ಆದರೂ ಎಲ್ಲವನ್ನೂ ತಕ್ಕಡಿಗೆ ಹಾಕಿ, ಲೋಹದ ತೂಕಕ್ಕೆ ತಕ್ಕ ಹಣವನ್ನಷ್ಟೇ ಎಣಿಸಿ ಕೊಟ್ಟು ಹೊರಟುಹೋಗುತ್ತಾನೆ. ಅವನು ಸುಳ್ಳಾಡಲಿಲ್ಲ, ತೂಕದಲ್ಲಿ ಕದಿಯಲಿಲ್ಲ. ಹಾಗಾದರೆ ಅವನು ತಪ್ಪು ಮಾಡಿದನೇ?

ವ್ಯಾಪಾರಿಯ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ನಾಣ್ಯದ ಬೆಲೆ ಅದರ ಲೋಹದಲ್ಲಷ್ಟೇ ಇಲ್ಲ. ಅದನ್ನು ಅಚ್ಚುಹಾಕಿದ ಟಂಕಸಾಲೆ, ಕಾಲ, ಉಳಿದಿರುವ ಸಂಖ್ಯೆ, ಅಕ್ಷರಗಳ ಸ್ಪಷ್ಟತೆ ಇವೆಲ್ಲವುಗಳಿಂದ ಅದು ನಿರ್ಣಯವಾಗುತ್ತದೆ. ಈ ಜ್ಞಾನವನ್ನು ಗಳಿಸಲು ಅವನು ವರ್ಷಗಟ್ಟಲೆ ಶ್ರಮಿಸಿದ್ದಾನೆ. ಕೊಂಡದ್ದೆಲ್ಲ ಮಾರಾಟವಾಗುವುದೆಂಬ ಭರವಸೆಯಿಲ್ಲ. ಇಷ್ಟು ಕಷ್ಟನಷ್ಟಗಳನ್ನು ಹೊತ್ತವನು ಲಾಭ ಪಡೆಯಬಾರದೆಂದರೆ ಅದು ನ್ಯಾಯವಾಗದು. ೧೮೭೨ರ ಭಾರತೀಯ ಕರಾರು ಕಾಯಿದೆಯೂ ಬರಿಯ ಮೌನವನ್ನು ಮೋಸವೆಂದು ಎಣಿಸುವುದಿಲ್ಲ. ಆದರೆ ಸಂದರ್ಭವು ಮಾತನಾಡುವ ಹೊಣೆಯನ್ನು ಹೊರಿಸಿದ್ದರೆ ಮೌನವೂ ಮೋಸವಾಗಬಹುದೆಂದು ಅದೇ ಕಾಯಿದೆ ಸೂಚಿಸುತ್ತದೆ.

ಆ ಹೊಣೆ ಇಲ್ಲಿ ಹುಟ್ಟಿದ್ದು “ನೀನೇ ನೋಡಿ ಕೊಡು” ಎಂಬ ಮಾತಿನಿಂದ. ಸರಾಫ ಪೇಟೆಯಲ್ಲಿ ಇಬ್ಬರು ವ್ಯಾಪಾರಿಗಳು ಚೌಕಾಸಿ ಮಾಡುವಾಗ ಇಬ್ಬರ ಕೈಯಲ್ಲಿಯೂ ತಕ್ಕಡಿಯಿರುತ್ತದೆ. ಮುದುಕಿಯಾದರೋ ತನ್ನ ಪಾಲಿನ ತಕ್ಕಡಿಯನ್ನೂ ಅವನ ಕೈಗೇ ಒಪ್ಪಿಸಿದಳು. ಆ ಕ್ಷಣದಿಂದ ಅವನು ಬರಿಯ ಕೊಳ್ಳುವವನಲ್ಲ, ಇಬ್ಬರಿಗೂ ನ್ಯಾಯ ಹೇಳಬೇಕಾದವನು. ಅವನ ವಿದ್ಯೆಗೆ ತಕ್ಕ ಪ್ರತಿಫಲ ಸಲ್ಲಬೇಕು, ನಿಜ. ಆದರೆ ವಿದ್ಯೆಗೆ ಪ್ರತಿಫಲ ಪಡೆಯುವುದು ಬೇರೆ, ಇನ್ನೊಬ್ಬರ ಅಜ್ಞಾನವನ್ನೇ ಬಂಡವಾಳ ಮಾಡಿಕೊಳ್ಳುವುದು ಬೇರೆ.

ಈ ಪ್ರಶ್ನೆ ಹೊಸದಲ್ಲ. ಪ್ರಾಚೀನ ರೋಮಿನಲ್ಲಿ ಕ್ವಿಂಟಸ್ ಸ್ಕೇವೊಲಾ ಎಂಬವನು ಒಂದು ಜಮೀನನ್ನು ಕೊಳ್ಳಹೋದಾಗ, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನೇ ಒಂದು ಲಕ್ಷ ನಾಣ್ಯಗಳನ್ನು ಹೆಚ್ಚಾಗಿ ಕೊಟ್ಟನೆಂದು ಸಿಸೆರೊ ಬರೆದಿದ್ದಾನೆ. ಅದು ಒಳ್ಳೆಯವನ ನಡತೆಯೇ ಹೊರತು ಜಾಣನ ನಡತೆಯಲ್ಲ ಎಂದು ಜನ ಆಡಿಕೊಂಡರು. ಒಳ್ಳೆಯತನವನ್ನೂ ಜಾಣತನವನ್ನೂ ಹೀಗೆ ಬೇರೆಬೇರೆಯೆಂದು ಎಣಿಸುವುದೇ ಕೇಡಿನ ಮೂಲವೆಂಬುದು ಸಿಸೆರೊನ ಅಭಿಪ್ರಾಯ.

ಕನ್ನಡನಾಡಿನಲ್ಲಿಯೂ ಇದಕ್ಕೆ ಮೇಲ್ಪಂಕ್ತಿಯಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ತಿರುಗಿ ತಾಳೆಯೋಲೆಯ ಕಟ್ಟುಗಳನ್ನು ಸಂಗ್ರಹಿಸಿದರು. ಆ ಓಲೆಗಳ ಬೆಲೆಯನ್ನು ಅವರು ಅರಿತಿದ್ದರು. ಆದರೆ ಆ ಅರಿವನ್ನು ತಮ್ಮ ಗಂಟಾಗಿ ಮಾಡಿಕೊಳ್ಳಲಿಲ್ಲ. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, ಓಲೆಗಳಲ್ಲಿ ಅಡಗಿದ್ದುದನ್ನು ನಾಡಿಗೇ ಹಿಂದಿರುಗಿಸಿದರು.

ಮೌನದ ವ್ಯಾಪಾರದಿಂದ ನಷ್ಟವಾಗುವುದು ಮುದುಕಿಯೊಬ್ಬಳಿಗೇ ಅಲ್ಲ. ನಾಣ್ಯವು ಯಾವ ಊರಿನಲ್ಲಿ, ಯಾವ ಹೊಲದಲ್ಲಿ ದೊರೆಯಿತೆಂಬುದು ಮರೆಯಾದರೆ ಇತಿಹಾಸದ ಒಂದು ಪುಟವೇ ಹರಿದುಹೋದಂತೆ. ಆದುದರಿಂದಲೇ ಭೂಮಿಯಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ೧೯೭೨ರ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯಗಳೂ ಪ್ರಾಚೀನ ವಸ್ತುಗಳೇ. ಅಂಥವನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು.

ಕಾಯಿದೆಯ ಕಣ್ಣು ಪ್ರತಿಯೊಂದು ಮನೆಯ ಪಡಸಾಲೆಯನ್ನೂ ಕಾಣಲಾರದು. ಅಲ್ಲಿ ಕಾವಲಿರಬೇಕಾದುದು ಅರಿತವನ ಅಂತಃಕರಣ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇನ್ನೂ ಒಂದು ಕಾವಲು ಸಾಧ್ಯ. ಹಳೆಯ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಿ ಕೆಡಿಸದೆ, ಅವಸರದಲ್ಲಿ ಮಾರದೆ, ಬಲ್ಲವರನ್ನು ವಿಚಾರಿಸಿ ನೋಡುವಂತೆ ಅವರು ಹಿರಿಯರಿಗೆ ಹೇಳಬಹುದು. ಮುಂದೆ ಅದೇ ಮಕ್ಕಳು ವೈದ್ಯರೋ, ವಕೀಲರೋ, ವರ್ತಕರೋ ಆಗಿ ಕುಳಿತಾಗ, ಅರಿಯದವರು ಅವರ ಮುಂದೆಯೂ ಬಂದು ನಿಂತು “ನೀವೇ ನೋಡಿ ಮಾಡಿರಿ” ಎನ್ನುತ್ತಾರೆ. ಅವರು ಕಲಿತ ವಿದ್ಯೆಯ ನಿಜವಾದ ಪರೀಕ್ಷೆ ನಡೆಯುವುದು ಆಗಲೇ.