14,000 ಕಿ.ಮೀ. ಮತ್ತು ನಮ್ಮ 207 ಕಿ.ಮೀ.

ಅಮೆರಿಕದಿಂದ ಬರುವ ಮಕ್ಕಳನ್ನು ಕರೆತರಲು ಬೆಂಗಳೂರಿಗೆ ಹೋಗುವವರು ದಿನ ತಪ್ಪುವುದುಂಟು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9, ಶನಿವಾರ ರಾತ್ರಿ ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾದು, ಸೋಮವಾರ ನಸುಕಿನಲ್ಲಿ ಇಳಿಯಿತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು, ಸಂತೋಷ. ಹಾರಾಟ ಸುಮಾರು 17 ಗಂಟೆ; ಉಳಿದದ್ದು ಎರಡೂ ಊರಿನ ಗಡಿಯಾರಗಳ ಹದಿಮೂರೂವರೆ ಗಂಟೆ ವ್ಯತ್ಯಾಸ. ಟಿಕೆಟ್‌ನಲ್ಲಿ ಹೊರಡುವ ದಿನವಲ್ಲ, ಇಳಿಯುವ ದಿನ ನೋಡಿ.

ಆದರೆ ಬೆಂಗಳೂರು ಮುಟ್ಟುವುದೇ ನಮಗೆ ದೊಡ್ಡ ಪ್ರಯಾಣ. ರಾಯದುರ್ಗದಿಂದ ಮಡಕಶಿರಾ ಮೇಲೆ ತುಮಕೂರಿಗೆ 207 ಕಿ.ಮೀ. ರೈಲು ಮಾರ್ಗ ಮಂಜೂರಾದದ್ದು 2007-08ರಲ್ಲಿ. ಆ ವಿಮಾನ ಇಳಿದ ದಿನಕ್ಕೂ ಅದು ಪೂರ್ತಿಯಾಗಿರಲಿಲ್ಲ. ಕಡತ ನಿಧಾನವೆಂದು ಗುಮಾಸ್ತನಾಗಿದ್ದ ನನಗೂ ಗೊತ್ತು, ಆದರೆ ಇಷ್ಟು ನಿಧಾನವೇ?