ಯಂತ್ರ ಯಾರೊಡನೆ ಮಾತನಾಡಬೇಕು?

ಕಳೆದ ಶ್ರಾವಣದಲ್ಲಿ ಕೂಡಲಸಂಗಮಕ್ಕೆ ಹೋಗಿದ್ದೆ. ಸಂಗಮನಾಥನ ದರ್ಶನ ಮುಗಿಸಿ ಹೊರಬಂದವನು, ವಿಭೂತಿ ಮಾರುತ್ತಿದ್ದ ಮುದುಕಿಯೊಬ್ಬಳ ಅಂಗಡಿಯ ಮುಂದೆ ನಿಂತೆ. ನನ್ನಲ್ಲಿ ಚಿಲ್ಲರೆ ಇರಲಿಲ್ಲ. ಆಕೆ ಕಂಬಕ್ಕೆ ಕಟ್ಟಿದ್ದ ಕ್ಯೂಆರ್ ಕೋಡಿನ ಹಲಗೆಯನ್ನು ತೋರಿಸಿದಳು. ನಾನು ಮೊಬೈಲಿನಿಂದ ಹಣ ಸಲ್ಲಿಸಿದ ಮರುಕ್ಷಣವೇ ಆಕೆಯ ಪಕ್ಕದಲ್ಲಿದ್ದ ಪುಟ್ಟ ಪೆಟ್ಟಿಗೆಯೊಂದು, ಇಷ್ಟು ರೂಪಾಯಿ ಬಂದಿದೆಯೆಂದು ಕನ್ನಡದಲ್ಲಿ ಸಾರಿತು. "ನನಗ ಓದಾಕ ಬರಂಗಿಲ್ರಿ ಸರ. ಅದು ಹೇಳತೈತಿ, ನಾ ಕೇಳತೀನಿ" ಎಂದು ಆಕೆ ನಕ್ಕಳು.

ಅದೇ ದಿನ ಮಧ್ಯಾಹ್ನ, ಅದೇ ಸೀಮೆಯ ಇನ್ನೊಂದು ಊರಿನ ಪಡಿತರ ಅಂಗಡಿಯ ಕಟ್ಟೆಯ ಮೇಲೆ ಮುದುಕನೊಬ್ಬ ಬರಿಯ ಚೀಲ ಹಿಡಿದು ಕುಳಿತಿದ್ದುದನ್ನು ಕಂಡೆ. ಇಳಕಲ್ಲಿನ ಗಣಿಯಲ್ಲಿ ಕಲ್ಲು ಒಡೆದು ಸವೆದ ಕೈ ಅವನದು. "ಹೆಬ್ಬಟ್ಟು ಮೂಡವಲ್ದಂತ್ರಿ ಯಪ್ಪಾ, ನಾಳೆ ಬಾ ಅಂದ್ರು" ಎಂದ. ಅಲ್ಲಿಯೂ ಇದ್ದುದು ಒಂದು ಯಂತ್ರವೇ. ಆದರೆ ಅದು ಅವನೊಡನೆ ಮಾತನಾಡಲಿಲ್ಲ. ಅದರ ಪರದೆಯ ಮೇಲೆ ಮೂಡಿದುದನ್ನು ಓದಿದವನು ಅಂಗಡಿಯವನು. ಅರ್ಥ ಹೇಳಿದವನೂ ಅವನೇ. ನಾಳೆ ಬಂದರೆ ಬೆರಳು ಮೂಡೀತೆ ಎಂಬುದನ್ನು ಹೇಳುವವರು ಯಾರೂ ಇರಲಿಲ್ಲ.

ನಾನು ಯಂತ್ರದ ವೈರಿಯಲ್ಲ. ಹಳೆಯ ಕಾಗದದ ಕಾಲವನ್ನು ಹೊಗಳುವವರು ಪಹಣಿ ಪತ್ರಿಕೆಯ ಕಥೆಯನ್ನು ಮರೆಯಬಾರದು. ಒಂದು ಕಾಲಕ್ಕೆ ರೈತನ ಹೊಲದ ಲೆಕ್ಕವು ಗ್ರಾಮಲೆಕ್ಕಿಗನ ದಫ್ತರದೊಳಗೆ ಅಡಗಿರುತ್ತಿತ್ತು. ಅವನ ಕೃಪೆಯಿಲ್ಲದೆ ಅದು ಬೆಳಕಿಗೆ ಬರುತ್ತಿರಲಿಲ್ಲ. 2000ದ ಸುಮಾರಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂದು, ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟವನ ಕೈಗೆ ಅಚ್ಚಾದ ಕನ್ನಡ ಪ್ರತಿ ಬಂದಿತು. ಅದು ಸಣ್ಣ ಸುಧಾರಣೆಯಲ್ಲ. ಆದರೆ ಅದರ ಹಿರಿಮೆ ಯಂತ್ರದ ವೇಗದಲ್ಲಷ್ಟೇ ಇರಲಿಲ್ಲ. ತನ್ನ ಲೆಕ್ಕವನ್ನು ತಾನೇ ನೋಡುವ ಅಧಿಕಾರ ರೈತನಿಗೆ ದೊರೆಯಿತೆಂಬುದರಲ್ಲಿತ್ತು.

ಹಾಗಾದರೆ ವಿಭೂತಿಯ ಅಂಗಡಿಯ ಯಂತ್ರ ಬಾಯಿ ಬಿಟ್ಟಿತು, ಪಡಿತರ ಅಂಗಡಿಯ ಯಂತ್ರ ಮೂಕವಾಯಿತು, ಇದೇಕೆ? ನನಗೆ ತೋರುವ ಕಾರಣವಿಷ್ಟೆ. ಪೆಟ್ಟಿಗೆಯನ್ನು ಮಾರುವವನಿಗೆ ಮುದುಕಿ ಗಿರಾಕಿ. ಅವಳು ನಂಬದಿದ್ದರೆ ಅವನ ವ್ಯಾಪಾರ ನಡೆಯದು. ಆದುದರಿಂದ ಯಂತ್ರವೇ ಅವಳ ಭಾಷೆಯನ್ನು ಕಲಿಯಿತು. ಮುದುಕನಾದರೋ ಗಿರಾಕಿಯಲ್ಲ, ಫಲಾನುಭವಿ. ಅವನು ಬೇರೆ ಅಂಗಡಿಗೆ ಹೋದರೂ ಕೇಳುವುದು ಅದೇ ಬೆರಳನ್ನೇ. ಯಾರು ಬಿಟ್ಟುಹೋಗಲಾರರೋ ಅವರೊಡನೆ ಮಾತನಾಡುವ ಅಗತ್ಯ ಯಂತ್ರವನ್ನು ಮಾಡಿಸಿದವರಿಗೆ ಕಾಣಲಿಲ್ಲ.

ಜನರು ಕಲಿತುಕೊಳ್ಳಲಿ, ಕಾಲ ಬದಲಾಗಿದೆ ಎನ್ನುವವರುಂಟು. ಕಲಿಯಲಿ, ಸಂತೋಷವೇ. ಆದರೆ ಸವೆದ ಬೆರಳು ಯಾವ ಪಾಠವನ್ನು ಕಲಿತೀತು? ಆಧಾರ್ ತಾಳೆಯಾಗದ ಮಾತ್ರಕ್ಕೆ ಯಾರಿಗೂ ಪಡಿತರವನ್ನು ನಿರಾಕರಿಸಕೂಡದೆಂದು ಕೇಂದ್ರ ಸರ್ಕಾರವೇ 2017ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ತಿಳಿಸಿತ್ತು. ಆ ಮಾತು ಕಟ್ಟೆಯ ಮೇಲೆ ಕುಳಿತ ಮುದುಕನನ್ನು ಮುಟ್ಟಿರಲಿಲ್ಲ. ಯಂತ್ರವೂ ಅದನ್ನು ಅವನಿಗೆ ತಿಳಿಸಲಿಲ್ಲ.

ಆದುದರಿಂದ ನನ್ನ ಬೇಡಿಕೆ ಸಣ್ಣದು. ಪಂಚಾಯತಿಯ ಕರವಾಗಲಿ, ಪಿಂಚಣಿಯಾಗಲಿ, ಪಡಿತರವಾಗಲಿ, ಜನರ ಲೆಕ್ಕವನ್ನಿಡುವ ಪ್ರತಿಯೊಂದು ಯಂತ್ರವೂ ಎದುರಿಗೆ ನಿಂತವನಿಗೆ ಅವನ ನುಡಿಯಲ್ಲಿ, ಕೇಳುವಂತೆ, ಫಲವನ್ನು ಹೇಳಲಿ. ಇಲ್ಲವೆಂದರೆ ಏಕೆ ಇಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಅಚ್ಚುಮಾಡಿ ಕೊಡಲಿ. ಅದು ಸೋತಾಗ ಅವನ ಮುಖವನ್ನು ಬಲ್ಲ ಮನುಷ್ಯನೊಬ್ಬನಿಗೆ, ಪುಸ್ತಕದಲ್ಲಿ ಬರೆದುಕೊಂಡು ಧಾನ್ಯವನ್ನು ಅಳೆದುಕೊಡುವ ಅಧಿಕಾರವಿರಲಿ.

ಸಂಜೆ ಮತ್ತೆ ಸಂಗಮದ ದಂಡೆಗೆ ಬಂದು, ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋದೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಹಬ್ಬಿದೆ. ಹೊಲಗಳಿಗೆ ನೀರು ಬೇಕಾಗಿತ್ತು, ಅಣೆಕಟ್ಟು ಬೇಡವೆನ್ನಲಾಗಲಿಲ್ಲ. ಆದರೆ ಮಂಟಪವನ್ನು ಮುಳುಗಲು ಬಿಡಲಿಲ್ಲ. ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಹೊಸ ನೀರು ಬರುವಾಗ ಏನನ್ನು ಮುಳುಗಗೊಡಬಾರದೆಂಬುದನ್ನು ಮೊದಲೇ ನಿಶ್ಚಯಿಸಿದ್ದರು. ಆ ಮುದುಕನ ವಿಷಯದಲ್ಲಿಯೂ ನಾವು ಮಾಡಬೇಕಾದುದು ಅಷ್ಟೆ.